ವಿಕ್ಟೋರಿಯಾಕ್ಕೆ ಯಾವ ಹಡಗು?

ಡಿಸೆಂಬರ್ ಬಂತೆಂದರೆ ಸಿಯಾಟಲ್ ಪಕ್ಕದ ನಮ್ಮ ರೆಡ್‌ಮಂಡಿನ ಕನ್ನಡದ ಮನೆಗಳಲ್ಲಿ ಒಂದೇ ಮಾತು. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆಯಿದೆ, ಕೈಯಲ್ಲಿರುವುದು ಎರಡೇ ರಾತ್ರಿ. ಹಿಮದ ಬೆಟ್ಟಕ್ಕೆ ಹೋಗೋಣವೆಂದರೆ ಹಿರಿಯರಿಗೆ ಚಳಿ ತಡೆಯದು. ಬಿಸಿಲಿನ ಊರಿಗೆ ವಿಮಾನ ಹತ್ತೋಣವೆಂದರೆ ರಜೆಯ ಟಿಕೆಟ್ ದರ ಮುಟ್ಟುವ ಹಾಗಿಲ್ಲ. ಎಲ್ಲಿಗೆ ಹೋಗೋದು? ಕೇಳಿದವರಿಗೆಲ್ಲ ನಾನು ಹೇಳುವುದು ವಿಕ್ಟೋರಿಯಾ. ಕೂಡಲೇ ಮರುಪ್ರಶ್ನೆ ಬರುತ್ತದೆ: "ಸರಿ ಅಕ್ಕಾ, ಆದರೆ ಯಾವ ಹಡಗಲ್ಲಿ?"

ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಬೇಸಿಗೆಯಲ್ಲಿ ಯಾವ ದಾರಿ ಹಿಡಿದರೂ ನಡೆಯುತ್ತದೆ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಹಡಗುಗಳು ಹೆಚ್ಚು, ಸಮುದ್ರ ಶಾಂತ. ಚಳಿಗಾಲದಲ್ಲಿ ತಪ್ಪು ದಾರಿ ಹಿಡಿದರೆ ಎರಡು ದಿನದ ಪ್ರವಾಸದಲ್ಲಿ ಒಂದೂವರೆ ದಿನ ದಾರಿಯಲ್ಲೇ ಕಳೆಯುತ್ತದೆ. ಹಲವು ಚಳಿಗಾಲ ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ವಯಸ್ಸಿನವರನ್ನು ಕರೆದುಕೊಂಡು ಹೋಗಿಬಂದ ಮೇಲೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಚಳಿಗಾಲದ ಹಡಗನ್ನು ದರ ನೋಡಿಯಾಗಲಿ, ನಕಾಶೆಯ ದೂರ ನೋಡಿಯಾಗಲಿ ಆರಿಸಬಾರದು. ಹಗಲು ಎಷ್ಟು ಉಳಿಯುತ್ತದೆ, ಸಮುದ್ರ ಎಷ್ಟು ಆಡಿಸುತ್ತದೆ, ಹಡಗು ನಮ್ಮನ್ನು ಎಲ್ಲಿ ಇಳಿಸುತ್ತದೆ ಎಂಬ ಮೂರನ್ನು ನೋಡಿ ಆರಿಸಬೇಕು.

ಚಳಿಗಾಲದಲ್ಲಿ ಅಲ್ಲಿಗೇ ಯಾಕೆ?

ವಿಕ್ಟೋರಿಯಾ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ. ಹೊಸಬರಿಗೆ ಮೊದಲು ಬಿಡಿಸಿ ಹೇಳಬೇಕಾದ ಗಂಟು ಒಂದಿದೆ: ವ್ಯಾಂಕೂವರ್ ನಗರ ಇರುವುದು ಮುಖ್ಯ ಭೂಭಾಗದಲ್ಲಿ, ವಿಕ್ಟೋರಿಯಾ ಇರುವುದು ಸಮುದ್ರದಾಚೆ, ಸುಮಾರು 460 ಕಿ.ಮೀ. ಉದ್ದದ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯಲ್ಲಿ. ಹೆಸರು ಒಂದೇ ಆದದ್ದರಿಂದ ಹೋಟೆಲನ್ನು ಒಂದು ಕಡೆ, ಹಡಗನ್ನು ಇನ್ನೊಂದು ಕಡೆಗೆ ಕಾಯ್ದಿರಿಸಿದವರನ್ನು ಕಂಡಿದ್ದೇನೆ. ಲೆಕ್ವಂಗೆನ್ ಎಂಬ ಮೂಲನಿವಾಸಿಗಳ ಈ ನೆಲದಲ್ಲಿ 1843 ರಲ್ಲಿ ಹಡ್ಸನ್ಸ್ ಬೇ ಕಂಪನಿ ಕೋಟೆ ಕಟ್ಟಿತು. ಆ ವ್ಯಾಪಾರಿ ಕೋಟೆಯ ಸುತ್ತ ಊರು ಬೆಳೆಯಿತು. ದ್ವೀಪಕ್ಕೆ ಇವತ್ತಿಗೂ ಸೇತುವೆಯಿಲ್ಲ. ಹಡಗು ಇಲ್ಲವೇ ವಿಮಾನ.

ಸಿಯಾಟಲ್‌ನಲ್ಲೂ ವ್ಯಾಂಕೂವರಿನಲ್ಲೂ ನವೆಂಬರಿಂದ ಮಾರ್ಚ್‌ವರೆಗೆ ಜಿಟಿಜಿಟಿ ಮಳೆ ಬಿಡುವುದಿಲ್ಲ. ವಿಕ್ಟೋರಿಯಾದಲ್ಲಿ ಮಳೆ ಕಡಿಮೆ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಮೊದಲು ಅಮೆರಿಕದ ಬದಿಯ ಒಲಿಂಪಿಕ್ ಪರ್ವತಗಳಿಗೆ ಬಡಿಯುತ್ತವೆ. ಅಲ್ಲಿನ ಅತಿ ಎತ್ತರದ ಶಿಖರ 2,400 ಮೀಟರ್ ದಾಟುತ್ತದೆ. ಪಶ್ಚಿಮದ ಇಳಿಜಾರಿನ ಹೋ ಕಾಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ಬೆಟ್ಟ ದಾಟಿ ಹಗುರಾದ ಮೋಡ ವಿಕ್ಟೋರಿಯಾದ ಕಡಲಂಚಿಗೆ ಕೊಡುವುದು ಆರುನೂರು ಮಿ.ಮೀ. ಆಸುಪಾಸು. ಸಮುದ್ರದ ಹದವೂ ಸೇರಿ ಜನವರಿಯ ಹಗಲಲ್ಲೂ ಅಲ್ಲಿ ಏಳೆಂಟು ಡಿಗ್ರಿ ಇರುತ್ತದೆ. ದೇಶದ ಉಳಿದ ಭಾಗ ಹಿಮದಡಿ ಇರುವಾಗ ಈ ಊರಿನವರು ಫೆಬ್ರವರಿಯಲ್ಲಿ ತಮ್ಮ ತೋಟದ ಹೂಗಳನ್ನು ಎಣಿಸುವ ಸ್ಪರ್ಧೆ ನಡೆಸುತ್ತಾರೆ. 1976 ರಿಂದ ನಡೆದುಬಂದ ಪದ್ಧತಿ ಅದು. ಸ್ವೆಟರ್, ಅದರ ಮೇಲೊಂದು ಜಾಕೆಟ್, ಕಿವಿ ಮುಚ್ಚುವ ಟೋಪಿ ಹಾಕಿಕೊಂಡರೆ ಎಪ್ಪತ್ತು ದಾಟಿದ ನನ್ನ ಅಪ್ಪ-ಅಮ್ಮ ಆರಾಮವಾಗಿ ನಡೆದಾಡುತ್ತಾರೆ.

ಕಡಿಮೆಯಿರುವುದು ಬೆಳಕು. ಡಿಸೆಂಬರಿನ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟಕ್ಕೆ, ಮುಳುಗುವುದು ಸಂಜೆ ನಾಲ್ಕೂಕಾಲರ ಹೊತ್ತಿಗೆ. ಹಗಲೆಂದರೆ ಎಂಟು ಗಂಟೆ ಚಿಲ್ಲರೆ. ಆದ್ದರಿಂದ ದಾರಿಯ ಗಂಟೆ ಲೆಕ್ಕ ಹಾಕುವಾಗ ಅದರಲ್ಲಿ ಹಗಲಿನ ಗಂಟೆ ಎಷ್ಟು, ಕತ್ತಲೆಯದು ಎಷ್ಟು ಎಂದು ಬೇರೆ ಮಾಡಿ ನೋಡಬೇಕು. ಹಡಗಿನ ಮೇಲಿನ ಹಗಲು ವ್ಯರ್ಥವಲ್ಲ, ಅದೇ ಅರ್ಧ ಪ್ರವಾಸ. ಹೆದ್ದಾರಿಯಲ್ಲಿ ವೈಪರ್ ನೋಡುತ್ತಾ ಕಳೆದ ಹಗಲು ಮಾತ್ರ ನಷ್ಟ.

ಕೊಹೊ: ಊರಿನ ನಡುವೆಯೇ ಇಳಿಸುವ ಹಡಗು

ಸಿಯಾಟಲ್ ಕಡೆಯವರಿಗೆ ಮೊದಲ ದಾರಿ ಅಮೆರಿಕದ ದಡದ ಪೋರ್ಟ್ ಏಂಜಲಿಸ್‌ನಿಂದ. ಅಲ್ಲಿಂದ ಹ್ವಾನ್ ಡಿ ಫೂಕಾ ಜಲಸಂಧಿಯನ್ನು ಅಡ್ಡ ದಾಟಿ ಹೋಗುವ ಹಡಗಿನ ಹೆಸರು 'ಕೊಹೊ', ಇಲ್ಲಿನ ಒಂದು ಜಾತಿಯ ಸಾಲ್ಮನ್ ಮೀನಿನ ಹೆಸರು. ಬ್ಲ್ಯಾಕ್ ಬಾಲ್ ಎಂಬ ಕಂಪನಿಯದು. 1959 ರ ಡಿಸೆಂಬರಿನಲ್ಲಿ ಓಡತೊಡಗಿದ ಅದೇ ಹಡಗು ಇವತ್ತೂ ಓಡುತ್ತಿದೆ. ನೂರಕ್ಕೂ ಹೆಚ್ಚು ಕಾರು, ಸಾವಿರ ಜನ ಹಿಡಿಸುತ್ತದೆ. ಸುಮಾರು 37 ಕಿ.ಮೀ. ದೂರ, ತೊಂಬತ್ತು ನಿಮಿಷ.

ನಾನು ಸಾಗರದವಳು. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವ ಲಾಂಚಿನ ಮೇಲೆ ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೇ ಹತ್ತುವುದನ್ನು ನೋಡಿ ಬೆಳೆದವಳು. 2025 ರ ಜುಲೈಯಲ್ಲಿ ಅಲ್ಲಿ ಸೇತುವೆಯಾಯಿತು. ಇಲ್ಲಿನ ಕಾರಿನ ಹಡಗುಗಳ ಕೆಲಸವೂ ಅದೇ ಬಗೆಯದು: ಕಾರು ಓಡಿಸಿಕೊಂಡೇ ಹಡಗಿನ ಹೊಟ್ಟೆಯೊಳಗೆ ಹೋಗಿ ನಿಲ್ಲಿಸುವುದು, ಮೇಲಿನ ಅಂತಸ್ತಿಗೆ ಹತ್ತಿ ಕೂರುವುದು, ಆಚೆ ದಡದಲ್ಲಿ ಓಡಿಸಿಕೊಂಡು ಹೊರಬರುವುದು. ಕಾರಿಲ್ಲದೆ ಬರೀ ಚೀಲ ಹಿಡಿದು ನಡೆದೂ ಹತ್ತಬಹುದು. ಆಗ ಟಿಕೆಟ್ ಎಷ್ಟೋ ಅಗ್ಗ.

ಕೊಹೊದ ದೊಡ್ಡ ಗುಣ ಅದು ನಿಲ್ಲುವ ಜಾಗ. ಊರಿನ ಒಳಬಂದರಿನವರೆಗೂ ಅದು ಹೋಗುತ್ತದೆ. ಅಲೆತಡೆ ಗೋಡೆ ದಾಟಿದ ಮೇಲೆ ವೇಗ ಇಳಿಸಿ, ಬಣ್ಣಬಣ್ಣದ ತೇಲುಮನೆಗಳ ಪಕ್ಕ, ನೀರಿನ ಮೇಲಿಂದಲೇ ಏರುವ ಪುಟ್ಟ ವಿಮಾನಗಳ ಪಕ್ಕ ಸಾಗಿ, ಬೆಲ್‌ವಿಲ್ ರಸ್ತೆಯ ಕಟ್ಟೆಗೆ ಬರುತ್ತದೆ. ಇಳಿದು ಕೆನಡಾದ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬಂದರೆ ಎದುರಿಗೇ ಶಾಸನಸಭೆಯ ಕಟ್ಟಡ. ಫ್ರಾನ್ಸಿಸ್ ರಾಟನ್‌ಬರಿ ಎಂಬ ಎಳೆಯ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1898 ರಲ್ಲಿ ಬಾಗಿಲು ತೆರೆದ ಕಟ್ಟಡ. ಅದರ ಅಂಚುಗಳಿಗೆಲ್ಲ ಮೂರು ಸಾವಿರಕ್ಕೂ ಹೆಚ್ಚು ಬಲ್ಬುಗಳ ಸಾಲು. ಐದು ನಿಮಿಷ ನಡೆದರೆ ಅದೇ ರಾಟನ್‌ಬರಿ ಕಟ್ಟಿದ, 1908 ರ ಎಂಪ್ರೆಸ್ ಹೋಟೆಲ್. ಪ್ರಾಂತ್ಯದ ದೊಡ್ಡ ವಸ್ತುಸಂಗ್ರಹಾಲಯ ಅಲ್ಲೇ ಪಕ್ಕದಲ್ಲಿ. ಚಳಿಗಾಲದಲ್ಲಿ ಮಧ್ಯಾಹ್ನದ ಹಡಗು ಹಿಡಿದವರು ಕತ್ತಲಾಗುವ ಹೊತ್ತಿಗೆ ಒಳಬಂದರಿಗೆ ಬರುತ್ತಾರೆ. ಹೋದ ದಿನವೇ ಊರಿನ ಅತಿ ಸೊಗಸಾದ ನೋಟ ಕಾರಿನ ಸಹಾಯವಿಲ್ಲದೆ ಸಿಕ್ಕಿಬಿಡುತ್ತದೆ.

ತೊಡಕುಗಳೂ ಇವೆ. ಚಳಿಗಾಲದಲ್ಲಿ ದಿನಕ್ಕೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಅಷ್ಟೇ. ಜನವರಿಯ ಆಸುಪಾಸಿನಲ್ಲಿ ವರ್ಷದ ರಿಪೇರಿಗೆಂದು ಹಡಗನ್ನು ಡ್ರೈಡಾಕಿಗೆ ಒಯ್ಯುತ್ತಾರೆ. ಇರುವುದು ಒಂದೇ ಹಡಗು, ಹಾಗಾಗಿ ಆ ವಾರಗಳಲ್ಲಿ ಈ ದಾರಿಯೇ ಇರುವುದಿಲ್ಲ. ಜಲಸಂಧಿಯ ಪಶ್ಚಿಮದ ಬಾಯಿ ನೇರ ಪೆಸಿಫಿಕ್ ಸಾಗರಕ್ಕೆ ತೆರೆದುಕೊಂಡಿದೆ, ನಡುವೆ ಮರೆಯಾಗಿ ನಿಲ್ಲುವ ದ್ವೀಪಗಳಿಲ್ಲ. ಚಳಿಗಾಲದ ಬಿರುಗಾಳಿಯ ದಿನ ಅಲೆ ಹಡಗಿಗೆ ಅಡ್ಡ ಹೊಡೆಯುತ್ತದೆ. ಗಾಳಿ ತೀರಾ ಜೋರಾದರೆ ಹಡಗು ಬಿಡುವುದಿಲ್ಲ. ಹೊಟ್ಟೆ ತೊಳಸುವ ಅಭ್ಯಾಸ ಇರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂರಬೇಕು. ಮೂತಿಯ ಕಡೆಗೂ ಮೇಲಿನ ಅಂತಸ್ತಿಗೂ ತೂಗಾಟ ಹೆಚ್ಚು. ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ಅಲೆ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅಮ್ಮ ಮಾತ್ರೆಯನ್ನು ನಂಬದೆ ಉಪ್ಪು ಹಚ್ಚಿದ ಹಸಿಶುಂಠಿ ಚೂರುಗಳನ್ನು ಪುಟ್ಟ ಡಬ್ಬಿಯಲ್ಲಿ ಹಿಡಿದುಕೊಂಡು ಹೊರಡುತ್ತಾರೆ. ಅವರಿಗೆ ಅದೇ ಸಾಕಾಗುತ್ತದೆ.

ಪೋರ್ಟ್ ಏಂಜಲಿಸ್ ತಲುಪುವುದೂ ಒಂದು ಕೆಲಸ. ಸಿಯಾಟಲ್‌ನಿಂದ ಬೇನ್‌ಬ್ರಿಜ್‌ಗೋ, ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೋ ರಾಜ್ಯದ ಫೆರಿ ಹಿಡಿದು ಅರ್ಧ ಗಂಟೆ ದಾಟಬೇಕು; ಆಮೇಲೆ ಹುಡ್ ಕೆನಾಲ್ ಮೇಲಿನ ತೇಲುಸೇತುವೆ. 1979 ರ ಫೆಬ್ರವರಿಯ ಬಿರುಗಾಳಿಗೆ ಇದೇ ಸೇತುವೆಯ ಪಶ್ಚಿಮದ ಭಾಗ ಮುಳುಗಿಹೋಗಿತ್ತು. ಈಗಲೂ ಗಾಳಿ ಜೋರಾದರೆ, ನೌಕಾಪಡೆಯ ಹಡಗು ಬಂದರೆ ಸಂಚಾರ ನಿಲ್ಲುತ್ತದೆ. ಎಲ್ಲ ಸೇರಿ ಮೂರು ಗಂಟೆ ಇಟ್ಟುಕೊಳ್ಳಬೇಕು. ಬೆಳಗಿನ ಹಡಗೇ ಬೇಕೆನ್ನುವವರು ಹಿಂದಿನ ರಾತ್ರಿ ಪೋರ್ಟ್ ಏಂಜಲಿಸ್‌ನಲ್ಲೇ ಉಳಿಯುವುದು ವಾಸಿ.

ದೊಡ್ಡ ಹಡಗು, ಮರೆಯ ದಾರಿ

ಎರಡನೆಯ ದಾರಿ ಬಿ.ಸಿ. ಫೆರೀಸ್‌ನದು: ವ್ಯಾಂಕೂವರ್ ನಗರದ ದಕ್ಷಿಣಕ್ಕಿರುವ ಟ್ಸವಾಸೆನ್‌ನಿಂದ ದ್ವೀಪದ ಸ್ವಾರ್ಟ್ಜ್ ಬೇಗೆ. 44 ಕಿ.ಮೀ., ಒಂದು ಗಂಟೆ ಮೂವತ್ತೈದು ನಿಮಿಷ. 1958 ರಲ್ಲಿ ಖಾಸಗಿ ಹಡಗು ಕಂಪನಿಗಳ ನೌಕರರ ಮುಷ್ಕರದಿಂದ ದ್ವೀಪದ ಸಂಪರ್ಕವೇ ಕಡಿದುಹೋದಾಗ ಪ್ರಾಂತ್ಯದ ಪ್ರೀಮಿಯರ್ ಡಬ್ಲ್ಯು.ಎ.ಸಿ. ಬೆನೆಟ್ ಸರ್ಕಾರವೇ ಹಡಗು ಓಡಿಸಬೇಕೆಂದು ನಿರ್ಧರಿಸಿದರು. 1960 ರ ಜೂನ್‌ನಲ್ಲಿ ಎರಡು ಹಡಗುಗಳಿಂದ ಈ ದಾರಿ ಶುರುವಾಯಿತು. ಆ ಎರಡನ್ನೂ ಕಟ್ಟಿದ್ದು ಕೊಹೊದ ಮಾದರಿಯಲ್ಲೇ. ಈಗ ಈ ದಾರಿಯಲ್ಲಿ ಓಡುವ 'ಸ್ಪಿರಿಟ್' ಹೆಸರಿನ ಜೋಡಿ ಹಡಗುಗಳು ಒಂದೊಂದೂ 358 ಕಾರು, 2,100 ಜನರನ್ನು ಒಯ್ಯುತ್ತವೆ.

ಹಿರಿಯರು, ಕೈಗೂಸು ಜೊತೆಗಿದ್ದರೆ ನನ್ನ ಆಯ್ಕೆ ಇದೇ. ಹಡಗಿನ ಗಾತ್ರ ಒಂದು ಕಾರಣ, ದಾರಿಯ ಗುಣ ಇನ್ನೊಂದು. ಮೊದಲರ್ಧ ಮಾತ್ರ ಬಯಲು ಸಮುದ್ರ. ಆಮೇಲೆ ಹಡಗು ಗ್ಯಾಲಿಯಾನೊ ಮತ್ತು ಮೇನ್ ದ್ವೀಪಗಳ ನಡುವಿನ ಆ್ಯಕ್ಟಿವ್ ಪಾಸ್ ಎಂಬ ಇಕ್ಕಟ್ಟಿನ ಕಾಲುವೆಗೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಎರಡೂ ಬದಿ ದ್ವೀಪಗಳ ಮರೆ, ಅಲೆಯ ಕಾಟ ಕಡಿಮೆ. "ಇದು ಅಲ್ಲಾಡ್ತಾನೇ ಇಲ್ವಲ್ಲೇ!" ಎಂದು ಅಮ್ಮ ಆಶ್ಚರ್ಯಪಟ್ಟಿದ್ದು ಇಲ್ಲಿ. ಚಳಿಗಾಲದಲ್ಲಿ ಈ ಕಾಲುವೆಯ ಬಂಡೆಗಳ ಮೇಲೆ ಕಡಲಸಿಂಹಗಳು, ಮರದ ತುದಿಗಳಲ್ಲಿ ಬಿಳಿತಲೆಯ ಹದ್ದುಗಳು, ನೀರಿನ ಮೇಲೆ ಸಾವಿರಾರು ಕಡಲಹಕ್ಕಿಗಳು. ಇಂಥ ಕಡೆ ಹೊರಗಿನ ಡೆಕ್ಕಿನ ಮೇಲೆ ನಿಲ್ಲದೆ ಕ್ಯಾಂಟೀನಿನ ಸಾಲಿನಲ್ಲಿ ನಿಂತರೆ ನಿಜವಾದ ನಷ್ಟ. ಹೊರಟ ಮುಕ್ಕಾಲು ಗಂಟೆಯ ಹೊತ್ತಿಗೆ ಜಾಕೆಟ್ ಹಾಕಿಕೊಂಡು ಸಿದ್ಧವಾಗಿರಿ.

ಚಳಿಗಾಲದಲ್ಲೂ ಹೆಚ್ಚುಕಡಿಮೆ ಎರಡೆರಡು ಗಂಟೆಗೊಂದು ಹಡಗಿದೆ. ಒಂದು ತಪ್ಪಿದರೆ ಇನ್ನೊಂದು ಎಂಬ ಧೈರ್ಯ ಚಿಕ್ಕ ಪ್ರವಾಸಕ್ಕೆ ದೊಡ್ಡದು. ಆದರೆ ಕ್ರಿಸ್‌ಮಸ್ ಹಿಂದುಮುಂದಿನ ದಿನಗಳಲ್ಲಿ ಕಾರುಗಳ ಸಾಲು ಬೆಳೆದು ಇಲ್ಲಿಯವರು ಹೇಳುವ 'ಸೇಲಿಂಗ್ ವೇಟ್' ಶುರುವಾಗುತ್ತದೆ. ಒಂದು ಹಡಗು ತುಂಬಿ ಹೋಗಿ, ಎರಡನೆಯದೂ ತುಂಬಿ, ಮೂರನೆಯದಕ್ಕೆ ಕಾಯುವ ಪಾಡು. ಕಾರಿದ್ದರೆ ಮುಂಗಡ ಕಾಯ್ದಿರಿಸಲೇಬೇಕು. ಈ ದಾರಿಗೂ ಬಿರುಗಾಳಿ ತಪ್ಪಿದ್ದಲ್ಲ. 2018 ರ ಡಿಸೆಂಬರ್ 20 ರ ಗಾಳಿಗೆ ಈ ಕರಾವಳಿಯ ಹಲವು ಹಡಗುಗಳು ಕಟ್ಟೆ ಬಿಡದೆ ನಿಂತಿದ್ದವು.

ಕೊರತೆಯೆಂದರೆ ಇದು ಊರೊಳಗೆ ಇಳಿಸುವುದಿಲ್ಲ. ಸ್ವಾರ್ಟ್ಜ್ ಬೇಯಿಂದ ವಿಕ್ಟೋರಿಯಾ 32 ಕಿ.ಮೀ.; ಕಾರಿದ್ದರೆ ಅರ್ಧ ಗಂಟೆ, 70 ನಂಬರ್ ಬಸ್ಸಾದರೆ ಒಂದು ಗಂಟೆಯ ಆಸುಪಾಸು. ಸಿಯಾಟಲ್ ಕಡೆಯಿಂದ ಬರುವವರಿಗೆ ಬ್ಲೇನ್‌ನ ಗಡಿ ದಾಟುವ ಸಾಲು ಬೇರೆ, ಅದು ಹದಿನೈದು ನಿಮಿಷವೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು. ವ್ಯಾಂಕೂವರಿನಲ್ಲಿ ಓದುವ, ಕೆಲಸ ಮಾಡುವ ನಮ್ಮ ಹುಡುಗರಿಗಂತೂ ಬೇರೆ ಯೋಚನೆಯೇ ಬೇಡ. ಬ್ರಿಜ್‌ಪೋರ್ಟ್ ನಿಲ್ದಾಣದವರೆಗೆ ರೈಲು, ಅಲ್ಲಿಂದ 620 ನಂಬರ್ ಬಸ್ಸು, ಹಡಗು, ಮತ್ತೆ 70 ನಂಬರ್ ಬಸ್ಸು: ಕಾರೇ ಇಲ್ಲದೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಕಾರಿನಲ್ಲಿ ಹೋಗುವವರಿಗೆ ಈ ದಾರಿಯ ಒಂದು ಲಾಭ ಬುಚಾರ್ಟ್ ಉದ್ಯಾನ. ಸ್ವಾರ್ಟ್ಜ್ ಬೇಗೂ ಊರಿಗೂ ನಡುವೆ ಸ್ವಲ್ಪ ಒಳಗೆ ಅದಿದೆ. ಸಿಮೆಂಟ್ ಕಾರ್ಖಾನೆಗೆ ಸುಣ್ಣಕಲ್ಲು ಅಗೆದು ಖಾಲಿಯಾದ ಗುಂಡಿಯನ್ನು ಮಾಲೀಕರ ಹೆಂಡತಿ ಜೆನ್ನಿ ಬುಚಾರ್ಟ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೂದೋಟ ಮಾಡಿದರು. ಡಿಸೆಂಬರಿನಲ್ಲಿ ಹೂವಿಲ್ಲ, ಬದಲಿಗೆ ಇಡೀ ತೋಟಕ್ಕೆ ದೀಪ ಹಚ್ಚುತ್ತಾರೆ. ನಾಲ್ಕೂವರೆಗೇ ಕತ್ತಲಾಗುವುದು ಇಲ್ಲಿ ಮಾತ್ರ ಅನುಕೂಲ, ಮಕ್ಕಳ ಊಟದ ಹೊತ್ತಿಗೆ ಮೊದಲೇ ದೀಪ ನೋಡಿ ಮುಗಿಸಬಹುದು. ಕ್ರಿಸ್‌ಮಸ್ ದಿನ ಮಾತ್ರ ಬಾಗಿಲು ಮುಚ್ಚಿರುತ್ತದೆ.

ಉಳಿದ ದಾರಿಗಳು

ಸಿಯಾಟಲ್ ನಗರದ ಕಟ್ಟೆಯಿಂದಲೇ ಹೊರಡುವ ವಿಕ್ಟೋರಿಯಾ ಕ್ಲಿಪ್ಪರ್ ಕಾರು ಹತ್ತಿಸದ, ಬರೀ ಜನರ ವೇಗದ ದೋಣಿ. 1986 ರಿಂದ ಓಡುತ್ತಿದೆ. ಮೂರು ಗಂಟೆಯೊಳಗೆ ಒಳಬಂದರಿಗೇ ಒಯ್ಯುತ್ತದೆ. ಓಡುವ ದಿನ ಸಿಕ್ಕಿದರೆ ಇದಕ್ಕಿಂತ ಸುಲಭದ್ದಿಲ್ಲ. ಚಳಿಗಾಲದಲ್ಲಿ ಅದು ದಿನವೂ ಓಡುವುದಿಲ್ಲ, ಕೆಲವು ವಾರ ಪೂರ್ತಿ ನಿಂತಿರುತ್ತದೆ. ಹಾಗಾಗಿ ಮೊದಲು ಅದರ ದಿನಪಟ್ಟಿ ನೋಡಿ, ಆಮೇಲೆ ರಜೆ ಹಾಕಬೇಕು. ದೋಣಿ ಹಗುರ, ಅಲೆ ಇದ್ದ ದಿನ ಕುಲುಕಾಟ ಗೊತ್ತಾಗುತ್ತದೆ.

ಹಳೆಯ ಪ್ರವಾಸ ಪುಸ್ತಕಗಳಲ್ಲಿ ಅನಕಾರ್ಟಿಸ್‌ನಿಂದ ಇದೇ ದ್ವೀಪದ ಸಿಡ್ನಿ ಎಂಬ ಊರಿಗೆ ಹೋಗುವ ಚೆಂದದ ದಾರಿಯ ವರ್ಣನೆಯಿದೆ. ಅದು 2020 ರಲ್ಲಿ ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಅದನ್ನು ನಂಬಿ ಯೋಜನೆ ಹಾಕಬೇಡಿ. ವ್ಯಾಂಕೂವರಿನ ಉತ್ತರದ ಹಾರ್ಸ್‌ಶೂ ಬೇಯಿಂದ ನನೈಮೊಗೆ ಹೋಗಿ ಅಲ್ಲಿಂದ ನೂರಕ್ಕೂ ಹೆಚ್ಚು ಕಿ.ಮೀ. ಕಾರು ಓಡಿಸಿಕೊಂಡು ಬರುವ ದಾರಿಯೂ ಇದೆ. ನಡುವೆ ಮಾಲಹ್ಯಾಟ್ ಎಂಬ ಘಟ್ಟ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಅಕ್ಟೋಬರಿಂದ ಮಾರ್ಚ್‌ವರೆಗೆ ಹಿಮದ ಟೈರು ಕಡ್ಡಾಯ. ಎರಡು ರಾತ್ರಿಯ ಪ್ರವಾಸಕ್ಕೆ ಇದು ಸಲ್ಲದು.

ಕಾಗದ ಪತ್ರ, ತಿಂಡಿ ಡಬ್ಬಿ

ಹಡಗು ಯಾವುದಾದರೂ ಇದು ದೇಶ ದಾಟುವ ಪ್ರಯಾಣ ಎಂಬುದನ್ನು ಮರೆಯಬಾರದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ ಸಂದರ್ಶಕ ವೀಸಾ ಬೇರೆಯೇ ಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಬೇಡ. ಪಾಸ್‌ಪೋರ್ಟ್, ಕಾರ್ಡ್ ಎರಡೂ ಕೈಯಲ್ಲಿರಬೇಕು. ಊರಿಂದ ಬರುವ ತಂದೆ-ತಾಯಿಗೆ ಕೆನಡಾ ವೀಸಾವನ್ನು ಭಾರತದಿಂದ ಹೊರಡುವ ಮೊದಲೇ ಮಾಡಿಸಿಬಿಡಿ, ಇಲ್ಲಿಗೆ ಬಂದ ಮೇಲೆ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಅವರ ರಜೆ ಮುಗಿಯುತ್ತದೆ. ಅಮೆರಿಕದ ವೀಸಾ ಬಹುಪ್ರವೇಶದ್ದೇ, ವಾಪಸ್ ಬರುವ ದಿನಕ್ಕೂ ಊರ್ಜಿತವೇ ಎಂದು ನೋಡಿಕೊಳ್ಳಿ. ಕೊಹೊ, ಕ್ಲಿಪ್ಪರ್ ಎರಡಕ್ಕೂ ಮರಳುವಾಗ ಅಮೆರಿಕದ ಅಧಿಕಾರಿಗಳ ಪಾಸ್‌ಪೋರ್ಟ್ ತಪಾಸಣೆ ವಿಕ್ಟೋರಿಯಾದ ಕಟ್ಟೆಯಲ್ಲೇ, ಹಡಗು ಹತ್ತುವ ಮೊದಲು ನಡೆಯುತ್ತದೆ. ಅದಕ್ಕಾಗಿ ಬೇಗ ಹೋಗಬೇಕು.

ತಿಂಡಿಯ ಮಾತು. ಚಪಾತಿ, ಚಟ್ನಿಪುಡಿ, ಒಣ ಅವಲಕ್ಕಿ ಒಯ್ಯಲು ತೊಂದರೆಯಿಲ್ಲ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹಣ್ಣು, ಮಾಂಸ, ಹಸಿ ಎಲೆಗಳ ವಿಷಯದಲ್ಲಿ ನಿಯಮ ಬಿಗಿ. ಕಿತ್ತಳೆ, ನಿಂಬೆ ಗಿಡಗಳ ರೋಗ ಹರಡುತ್ತದೆಂದು ಹಸಿ ಕರಿಬೇವಿಗೆ ಅಮೆರಿಕದ ಗಡಿಯಲ್ಲಿ ತಡೆಯಿದೆ. ವಿಕ್ಟೋರಿಯಾದ ಅಂಗಡಿಯಲ್ಲಿ ಚೆನ್ನಾಗಿ ಸಿಕ್ಕಿತೆಂದು ಕೊಂಡು ತರಬೇಡಿ.

ಮಳೆ ಬಂದೇಬಂತು ಎಂದಿಟ್ಟುಕೊಳ್ಳಿ, ಒಳಗೆ ಕೂತು ಕಳೆಯುವ ಜಾಗಗಳಿಗೆ ಈ ಊರಿನಲ್ಲಿ ಬರವಿಲ್ಲ. ಎಲ್ಲವೂ ಒಳಬಂದರಿನಿಂದ ನಡೆಯುವ ದೂರದಲ್ಲಿವೆ. ಗವರ್ನಮೆಂಟ್ ರಸ್ತೆಯಲ್ಲಿ ಮನ್ರೋಸ್ ಪುಸ್ತಕದಂಗಡಿಯಿದೆ. 2013 ರಲ್ಲಿ ನೊಬೆಲ್ ಪಡೆದ ಕತೆಗಾರ್ತಿ ಆಲಿಸ್ ಮನ್ರೋ ತಮ್ಮ ಆಗಿನ ಗಂಡನ ಜೊತೆ 1963 ರಲ್ಲಿ ಶುರುಮಾಡಿದ ಅಂಗಡಿ ಅದು. ಈಗಿರುವುದು ಹಳೆಯ ಬ್ಯಾಂಕ್ ಕಟ್ಟಡದ ಎತ್ತರದ ಸೂರಿನಡಿ. ಅಪ್ಪ ಅಲ್ಲಿ ಒಳಹೊಕ್ಕರೆ ಊಟಕ್ಕೆ ಕರೆದರೂ ಬರುವುದಿಲ್ಲ. ಪಕ್ಕದಲ್ಲೇ 1894 ರಿಂದ ಚಹಾ ಮಾರುತ್ತಿರುವ ಮರ್ಚೀಸ್. ಎಂಪ್ರೆಸ್ ಹೋಟೆಲಿನ ಪ್ರಸಿದ್ಧ ಚಹಾಕೂಟ ದುಬಾರಿಯೆನಿಸಿದರೆ ಇಲ್ಲಿ ಒಂದು ಕೆಟಲ್ ಚಹಾ ತರಿಸಿಕೊಂಡು ನೆಮ್ಮದಿಯಾಗಿ ಕೂರಬಹುದು. ಇನ್ನಷ್ಟು ನಡೆದರೆ ಕೆನಡಾದ ಅತ್ಯಂತ ಹಳೆಯ ಚೈನಾಟೌನ್. ಅದರ ಫ್ಯಾನ್ ಟ್ಯಾನ್ ಓಣಿ ಕೆಲವೆಡೆ ಒಂದು ಮೀಟರ್ ಅಗಲವೂ ಇಲ್ಲ.

ಹಾಗಾದರೆ ಯಾವುದು?

ಸಿಯಾಟಲ್ ಕಡೆಯಿಂದ ಹೊರಟ ಗಟ್ಟಿಮುಟ್ಟಾದವರಿಗೆ ಕೊಹೊ. ಕಾರನ್ನು ಪೋರ್ಟ್ ಏಂಜಲಿಸ್‌ನ ಪಾರ್ಕಿಂಗಿನಲ್ಲಿ ಬಿಟ್ಟು, ಚೀಲ ಹಿಡಿದು ನಡೆದು ಹತ್ತಿ, ಒಳಬಂದರಿನ ಹತ್ತಿರವೇ ಕೋಣೆ ಹಿಡಿಯಿರಿ. ಬುಚಾರ್ಟ್ ಉದ್ಯಾನಕ್ಕೆ ಊರಿಂದ 75 ನಂಬರ್ ಬಸ್ಸಿದೆ. ಹಿರಿಯರು, ಚಿಕ್ಕಮಕ್ಕಳು ಇದ್ದರೆ, ಗಾಳಿಯ ಮುನ್ಸೂಚನೆ ಇದ್ದರೆ, ಕೊಹೊ ಡ್ರೈಡಾಕಿನಲ್ಲಿದ್ದರೆ, ಅಥವಾ ನೀವು ವ್ಯಾಂಕೂವರಿನವರೇ ಆಗಿದ್ದರೆ ಟ್ಸವಾಸೆನ್ ದಾರಿ. ಕಾರಿಲ್ಲದ ಸಿಯಾಟಲ್ ನಿವಾಸಿಗಳಿಗೆ, ದಿನ ಹೊಂದಿದರೆ, ಕ್ಲಿಪ್ಪರ್.

ಯಾವ ಹಡಗನ್ನೇ ಆರಿಸಿ, ಮರಳುವ ದಿನ ಕೊನೆಯ ಹಡಗನ್ನು ಕಾಯ್ದಿರಿಸಬೇಡಿ. ಅದರ ಹಿಂದಿನದನ್ನು ಹಿಡಿಯಿರಿ. ಮಾರನೆಯ ಬೆಳಗ್ಗೆ ಕಚೇರಿಯಿದ್ದರೆ, ಅಪ್ಪ-ಅಮ್ಮನ ಊರಿನ ವಿಮಾನವಿದ್ದರೆ ನಡುವೆ ಒಂದು ದಿನ ಬಿಡಿ. ಚಳಿಗಾಲದಲ್ಲಿ ಹಡಗು ಬಿಡುವುದೋ ಇಲ್ಲವೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಗಾಳಿ.